ಆಹಾರದ ಗುಣಮಟ್ಟ ಪರೀಕ್ಷೆ ಮತ್ತು ಸಾರ್ವಜನಿಕರ ತಿಳಿಯುವ ಹಕ್ಕು

1998ರ ಆಗಸ್ಟ್ ತಿಂಗಳಿನಲ್ಲಿ ದೆಹಲಿಯ ಆಸ್ಪತ್ರೆಗಳಿಗೆ ಕಾಲು ಬಾತುಕೊಂಡು ಉಸಿರಾಟಕ್ಕೆ ಕಷ್ಟಪಡುತ್ತಿದ್ದ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ಅವರೆಲ್ಲರೂ ಅಡಿಗೆಗೆ ಸಾಸಿವೆ ಎಣ್ಣೆಯನ್ನು ಬಳಸಿದ್ದರು. ಆ ಎಣ್ಣೆಯಲ್ಲಿ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದ ವಿಷಯುಕ್ತ ಎಣ್ಣೆ ಬೆರೆತಿತ್ತು. ಸುಮಾರು 60 ಮಂದಿ ಪ್ರಾಣ ಕಳೆದುಕೊಂಡರು. ಸಾವಿರಾರು ಜನರು ಅಸ್ವಸ್ಥರಾದರು.

ಆ ವೇಳೆಗೆ ಆಹಾರ ಕಲಬೆರಕೆ ತಡೆ ಕಾಯಿದೆ ಜಾರಿಗೆ ಬಂದು 40ಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಪರಿವೀಕ್ಷಕರಿದ್ದರು, ಪ್ರಯೋಗಾಲಯಗಳಿದ್ದವು, ಗುಣಮಟ್ಟದ ಮುದ್ರೆಗಳೂ ಇದ್ದವು. ಆದರೆ ಅಂಗಡಿಯಲ್ಲಿ ಎಣ್ಣೆ ಕೊಳ್ಳುತ್ತಿದ್ದ ಗೃಹಿಣಿಗೆ ತನ್ನ ಬಡಾವಣೆಯ ಎಣ್ಣೆಯನ್ನು ಯಾರು, ಯಾವಾಗ, ಹೇಗೆ ಪರೀಕ್ಷಿಸಿದರು, ಫಲಿತಾಂಶವೇನಾಯಿತು ಎಂಬುದನ್ನು ತಿಳಿಯುವ ದಾರಿಯಿರಲಿಲ್ಲ. ಪರೀಕ್ಷಿಸುವ ವ್ಯವಸ್ಥೆ ಇದ್ದರೆ ಸಾಲದು. ಅದು ಮಾಡುವ ಕೆಲಸ ಜನರ ಕಣ್ಣಿಗೆ ಕಾಣುವಂತಿರಬೇಕು. ಈ ಲೇಖನದ ಉದ್ದೇಶ, ಅಂತಹ ವ್ಯವಸ್ಥೆಯಲ್ಲಿ ಜನರಿಗೆ ಏನನ್ನು ತಿಳಿಯುವ ಹಕ್ಕಿದೆ ಮತ್ತು ಆ ಹಕ್ಕನ್ನು ಬಳಸುವುದು ಹೇಗೆ ಎಂಬುದನ್ನು ವಿವರಿಸುವುದು.

ಮುದ್ರೆಗಳು ಏನು ಹೇಳುತ್ತವೆ?

ನಮ್ಮ ದೇಶದಲ್ಲಿ ಆಹಾರದ ಮೇಲಿನ ಮುದ್ರೆಗಳಿಗೆ ದೀರ್ಘ ಇತಿಹಾಸವಿದೆ. ಕೃಷಿ ಉತ್ಪನ್ನಗಳ ಶ್ರೇಣೀಕರಣ ಮತ್ತು ಗುರುತು ಕಾಯಿದೆಯು 1937ರಲ್ಲಿ ಬಂದಿತು. 'ಅಗ್‌ಮಾರ್ಕ್' ಮುದ್ರೆಯ ಆಧಾರ ಅದೇ. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾಯಿತು. ಅದೇ 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತಾದರೂ 'ಐ.ಎಸ್.ಐ.' ಎಂಬ ಹಳೆಯ ಮುದ್ರೆ ಉಳಿದುಕೊಂಡಿತು. ಆಹಾರ ಕಲಬೆರಕೆ ತಡೆ ಕಾಯಿದೆ 1954ರದು. ಹಣ್ಣಿನ ಉತ್ಪನ್ನಗಳ ಆದೇಶ 1955ರದು. ಹೀಗೆ ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದ ಕಾನೂನುಗಳನ್ನು ಒಂದುಗೂಡಿಸಲು ಸಂಸತ್ತು 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಅಂಗೀಕರಿಸಿತು. ಇದರ ಮೇರೆಗೆ 2008ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ರಚನೆಯಾಯಿತು. ಹೊಸ ವ್ಯವಸ್ಥೆ 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಗೆ ಬಂದು ಹಳೆಯ ಕಲಬೆರಕೆ ತಡೆ ಕಾಯಿದೆ ರದ್ದಾಯಿತು.

ಈ ಮುದ್ರೆಗಳೆಲ್ಲವೂ ಒಂದೇ ಅರ್ಥವನ್ನು ಕೊಡುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಪೊಟ್ಟಣದ ಮೇಲೆ ಕಾಣುವ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯು ಆ ಉದ್ದಿಮೆಗೆ ಪರವಾನಗಿ ಅಥವಾ ನೋಂದಣಿ ಇದೆ ಎಂಬುದನ್ನಷ್ಟೇ ಸೂಚಿಸುತ್ತದೆ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ಉದ್ದಿಮೆಯ ನೋಂದಣಿ. ನಿಮ್ಮ ಕೈಯಲ್ಲಿರುವ ಪೊಟ್ಟಣವನ್ನು ಯಾರೋ ಪರೀಕ್ಷಿಸಿ ಉತ್ತಮವೆಂದು ಹೇಳಿದ್ದಾರೆ ಎಂಬುದು ಅದರ ಅರ್ಥವಲ್ಲ. ಸಸ್ಯಾಹಾರವನ್ನು ಸೂಚಿಸುವ ಹಸಿರು ಗುರುತು ತಯಾರಕರು ತಾವೇ ಮಾಡಿಕೊಳ್ಳುವ ಘೋಷಣೆ. ಅಗ್‌ಮಾರ್ಕ್ ಮುದ್ರೆಯು ನಿಗದಿಯಾದ ಶ್ರೇಣಿಗೆ ಸರಕು ಹೊಂದುತ್ತದೆಯೇ ಎಂದು ನೋಡಿ ಹಾಕುವಂಥದು. ಅದು ಬಹುಮಟ್ಟಿಗೆ ಸ್ವಯಂಪ್ರೇರಿತವಾದ ವ್ಯವಸ್ಥೆ. ಆದ್ದರಿಂದ ಮುದ್ರೆಯನ್ನು ನೋಡಿದ ಕೂಡಲೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಇದನ್ನು ಕೊಟ್ಟವರು ಯಾರು? ಏನನ್ನು ನೋಡಿ ಕೊಟ್ಟರು? ತಪ್ಪಾದರೆ ಉತ್ತರ ಹೇಳುವವರು ಯಾರು?

ಒಂದು ಮಾದರಿಯ ಪ್ರಯಾಣ

ಆಹಾರ ಪರೀಕ್ಷೆಯ ಕಾನೂನುಬದ್ಧ ಕ್ರಮವನ್ನು ತಿಳಿದುಕೊಂಡರೆ ಪಾರದರ್ಶಕತೆ ಎಲ್ಲೆಲ್ಲಿ ಬೇಕು ಎಂಬುದು ಸ್ಪಷ್ಟವಾಗುತ್ತದೆ.

ಆಹಾರ ಸುರಕ್ಷತಾ ಅಧಿಕಾರಿಯು ಅಂಗಡಿಗೋ ಹೋಟೆಲಿಗೋ ಬಂದು ಮಾದರಿ ತೆಗೆದುಕೊಳ್ಳುವಾಗ, ಅದನ್ನು ಪರೀಕ್ಷೆಗಾಗಿ ತೆಗೆದುಕೊಳ್ಳಲಾಗುತ್ತಿದೆ ಎಂದು ಲಿಖಿತವಾಗಿ ತಿಳಿಸಬೇಕು. ಮಾದರಿಯ ಬೆಲೆಯನ್ನು ಕೊಡಬೇಕು. ಮಾದರಿಯನ್ನು ನಾಲ್ಕು ಭಾಗಗಳಾಗಿ ಮಾಡಿ, ಮೊಹರು ಹಾಕಿ, ಉದ್ದಿಮೆದಾರನ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಎರಡು ಭಾಗಗಳು ಅಂಕಿತ ಅಧಿಕಾರಿಯ ವಶದಲ್ಲಿರುತ್ತವೆ. ನಾಲ್ಕನೆಯ ಭಾಗವನ್ನು, ಉದ್ದಿಮೆದಾರ ಕೇಳಿಕೊಂಡರೆ, ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಎರಡು ವರದಿಗಳು ಭಿನ್ನವಾದರೆ ಅಧಿಕಾರಿಯ ಬಳಿಯಿರುವ ಭಾಗ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರ ತೀರ್ಮಾನವೇ ಅಂತಿಮ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಇಂತಹ ಅಂತಿಮ ಪರೀಕ್ಷೆಯ ಹೊಣೆಯನ್ನು ಹಳೆಯ ಕಾಯಿದೆಯ ಕಾಲದಿಂದಲೂ ಹೊತ್ತಿದೆ.

ಮುಂಬಯಿ, ಪುಣೆ, ಚೆನ್ನೈ ಮೊದಲಾದ ನಗರಗಳಲ್ಲಿ ಹೋಟೆಲು ನಡೆಸುತ್ತಿರುವ ಕನ್ನಡಿಗರು ಅನೇಕರಿದ್ದಾರೆ. ಅವರು ಈ ನಾಲ್ಕನೆಯ ಭಾಗದ ಹಕ್ಕನ್ನು ಅವಶ್ಯವಾಗಿ ತಿಳಿದಿರಬೇಕು. ಪಾರದರ್ಶಕತೆಯು ಗ್ರಾಹಕರನ್ನು ಮಾತ್ರವಲ್ಲ, ಪ್ರಾಮಾಣಿಕ ವ್ಯಾಪಾರಿಯನ್ನೂ ರಕ್ಷಿಸುತ್ತದೆ. ಮೊಹರು, ಸಹಿ, ದಿನಾಂಕ, ವರದಿಯ ಪ್ರತಿ ಇವು ಸರಿಯಾಗಿದ್ದಲ್ಲಿ ಯಾರೂ ಮಾದರಿಯನ್ನು ಬದಲಿಸಲಾರರು. ಯಾರೂ ಸುಳ್ಳು ಆಪಾದನೆಯ ಬೆದರಿಕೆಯೊಡ್ಡಿ ಹಣ ಕೇಳಲಾರರು. ಸಕಾರಣವಿಲ್ಲದೆ ಕಿರುಕುಳಕ್ಕಾಗಿ ಆಹಾರವನ್ನು ಜಪ್ತಿ ಮಾಡಿದ ಅಧಿಕಾರಿಗೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿಯೇ ಅವಕಾಶವಿದೆ.

ಪ್ರಯೋಗಾಲಯದ ಅರ್ಹತೆ

ಪರೀಕ್ಷೆ ಮಾಡಿದ ಪ್ರಯೋಗಾಲಯಕ್ಕೆ ಆ ಕೆಲಸದ ಅರ್ಹತೆ ಇದೆಯೇ ಎಂಬ ಪ್ರಶ್ನೆಯ ಮಹತ್ವವನ್ನು 2015ರ ಒಂದು ಪ್ರಕರಣ ದೇಶಕ್ಕೆ ತೋರಿಸಿಕೊಟ್ಟಿತು. ಸೀಸದ ಅಂಶ ಮಿತಿಮೀರಿದೆ ಎಂಬ ವರದಿಗಳ ಆಧಾರದ ಮೇಲೆ ಪ್ರಾಧಿಕಾರವು ಆ ವರ್ಷದ ಜೂನ್ 5ರಂದು ಮ್ಯಾಗಿ ನೂಡಲ್ಸ್‌ಅನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳುವಂತೆ ಆದೇಶಿಸಿತು. ಕಂಪನಿಯು ಬೊಂಬಾಯಿ ಉಚ್ಚ ನ್ಯಾಯಾಲಯದ ಮೊರೆ ಹೊಕ್ಕಿತು. ಆಗಸ್ಟ್ 13ರಂದು ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು. ಕಂಪನಿಗೆ ತನ್ನ ವಾದವನ್ನು ಹೇಳಿಕೊಳ್ಳಲು ತಕ್ಕ ಅವಕಾಶ ಸಿಕ್ಕಿರಲಿಲ್ಲವೆಂಬುದು ಒಂದು ಕಾರಣ. ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಕಾಯಿದೆ ಬಯಸುವ ಮಾನ್ಯತೆ ಇರಲಿಲ್ಲವೆಂಬುದು ಇನ್ನೊಂದು. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆ ನಡೆದು, ಸೀಸದ ಪ್ರಮಾಣ ಮಿತಿಯೊಳಗಿದೆ ಎಂಬ ವರದಿ ಬಂದ ಬಳಿಕ ನವೆಂಬರ್ ತಿಂಗಳಲ್ಲಿ ಮಾರಾಟ ಪುನಃ ಆರಂಭವಾಯಿತು.

ಈ ಪ್ರಕರಣದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿ ಮುಖ್ಯವಲ್ಲ. ಪ್ರಯೋಗಾಲಯದ ಅರ್ಹತೆಯ ಬಗ್ಗೆ ಸಂದೇಹವಿದ್ದರೆ ಆಹಾರ ಕೆಟ್ಟದ್ದೆಂದು ಹೇಳಿದರೂ ಒಳ್ಳೆಯದೆಂದು ಹೇಳಿದರೂ ಜನರು ನಂಬುವುದಿಲ್ಲ ಎಂಬುದೇ ಇದರ ಪಾಠ. ಇದು ಒಂದು ಸರಕಿಗೆ ಸೀಮಿತವಾದ ಸಮಸ್ಯೆಯಾಗಿರಲಿಲ್ಲ. ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು 2017ರಲ್ಲಿ ಸಂಸತ್ತಿಗೆ ಒಪ್ಪಿಸಿದ ವರದಿಯ ಪ್ರಕಾರ, ಆಹಾರ ಮಾದರಿಗಳನ್ನು ಕಳುಹಿಸಲಾಗುತ್ತಿದ್ದ 72 ರಾಜ್ಯ ಪ್ರಯೋಗಾಲಯಗಳ ಪೈಕಿ 65ಕ್ಕೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇರಲಿಲ್ಲ. ಈ ಕೊರತೆ ಎಲ್ಲರಿಗೂ ತಿಳಿದದ್ದು ಲೆಕ್ಕಪರಿಶೋಧಕರ ವರದಿ ಬಹಿರಂಗ ದಾಖಲೆಯಾದದ್ದರಿಂದಲೇ.

ಮಾನ್ಯತೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಪ್ರಯೋಗಾಲಯಕ್ಕೆ ಮಾನ್ಯತೆಯನ್ನು ನಿರ್ದಿಷ್ಟ ಆಹಾರಗಳ ನಿರ್ದಿಷ್ಟ ಪರೀಕ್ಷೆಗಳಿಗೆ ಮಾತ್ರ ಕೊಡಲಾಗುತ್ತದೆ. ಹಾಲಿನ ಕೊಬ್ಬನ್ನು ಅಳೆಯುವುದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ತರಕಾರಿಯಲ್ಲಿನ ಕೀಟನಾಶಕದ ಶೇಷವನ್ನು ಅಳೆಯುವ ಮಾನ್ಯತೆ ಇರಬೇಕೆಂದೇನೂ ಇಲ್ಲ. ಮಾನ್ಯತೆಯ ವ್ಯಾಪ್ತಿಯನ್ನು ಮಂಡಳಿ ಪ್ರಕಟಿಸುತ್ತದೆ. ವರದಿಯನ್ನು ಓದುವವರು ಅದನ್ನು ತಾಳೆ ನೋಡಬಹುದು.

ಅಂಕಿ ಅಂಶಗಳನ್ನು ಓದುವ ಬಗೆ

ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದ ಮಾತ್ರಕ್ಕೆ ಪಾರದರ್ಶಕತೆ ಪೂರ್ಣವಾಗುವುದಿಲ್ಲ. ಹಾಲಿನ ಎರಡು ಸಮೀಕ್ಷೆಗಳು ಇದಕ್ಕೆ ಉತ್ತಮ ನಿದರ್ಶನ.

2011ರಲ್ಲಿ ಪ್ರಾಧಿಕಾರವು ದೇಶದಾದ್ಯಂತ 1,791 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಶೇಕಡಾ 68.4ರಷ್ಟು ಮಾದರಿಗಳು ನಿಗದಿತ ಗುಣಮಟ್ಟಕ್ಕೆ ಹೊಂದಲಿಲ್ಲ. 'ದೇಶದ ಮೂರರಲ್ಲಿ ಎರಡು ಭಾಗ ಹಾಲು ವಿಷ' ಎಂಬ ಭೀತಿ ಹರಡಿತು. ಮುಂದೆ 2018ರಲ್ಲಿ 1,103 ಊರುಗಳಿಂದ 6,432 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಶೇಕಡಾ 93ರಷ್ಟು ಹಾಲು ಸುರಕ್ಷಿತವೆಂದು ವರದಿಯಾಯಿತು. ಏಳು ವರ್ಷಗಳಲ್ಲಿ ಹಾಲು ಇಷ್ಟೊಂದು ಶುದ್ಧವಾಯಿತೇ?

ಉತ್ತರ ವ್ಯಾಖ್ಯೆಯಲ್ಲಿದೆ. ಕಾಯಿದೆಯು 'ಅಸುರಕ್ಷಿತ', 'ಕೆಳಮಟ್ಟದ', 'ತಪ್ಪು ಗುರುತಿನ' ಎಂದು ಮೂರು ಬಗೆಯ ದೋಷಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ನೀರು ಬೆರೆತು ಕೊಬ್ಬಿನ ಅಂಶ ಕಡಿಮೆಯಾದ ಹಾಲು ಕೆಳಮಟ್ಟದ್ದು. ಅದು ಗ್ರಾಹಕರಿಗೆ ಮೋಸ, ಆದರೆ ಎಲ್ಲ ಸಂದರ್ಭಗಳಲ್ಲಿಯೂ ಆರೋಗ್ಯಕ್ಕೆ ಅಪಾಯವಲ್ಲ. ಮಾರ್ಜಕವೋ ಯೂರಿಯವೋ ಬೆರೆತ ಹಾಲಿನ ಸಂಗತಿ ಬೇರೆ. 2011ರ ಶೇಕಡಾವಾರು ಈ ಬಗೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಹೇಳಿದ್ದಾಗಿತ್ತು. 2018ರ ಸಮೀಕ್ಷೆ ಅವುಗಳನ್ನು ಬಿಡಿಸಿ ಹೇಳಿತು. ಕಲಬೆರಕೆಯಿಂದ ಅಸುರಕ್ಷಿತವಾಗಿದ್ದವು 12 ಮಾದರಿಗಳು ಮಾತ್ರ. ಆದರೆ ಶೇಕಡಾ 5.7ರಷ್ಟು ಮಾದರಿಗಳಲ್ಲಿ ಬೂಷ್ಟು ಹಿಡಿದ ಮೇವಿನ ಮೂಲಕ ಹಾಲಿಗೆ ಸೇರುವ ಅಫ್ಲಟಾಕ್ಸಿನ್ ಎಂಬ ವಿಷ ಮಿತಿಮೀರಿ ಕಂಡುಬಂದಿತು. ಸುರಕ್ಷಿತವಾಗಿದ್ದರೂ ಗುಣಮಟ್ಟದಲ್ಲಿ ಒಂದಲ್ಲ ಒಂದು ಕೊರತೆಯಿದ್ದ ಮಾದರಿಗಳು ಸುಮಾರು ಶೇಕಡಾ 41ರಷ್ಟಿದ್ದವು. ಜನರ ಭಯವೆಲ್ಲ ಹಾಲು ಮಾರುವವನ ಮೇಲಿತ್ತು. ಪರೀಕ್ಷೆ ತೋರಿಸಿದ ದೊಡ್ಡ ಅಪಾಯ ದನದ ಮೇವಿನಲ್ಲಿತ್ತು. ವಿವರಗಳನ್ನು ಬಿಡಿಸಿ ಪ್ರಕಟಿಸಿದ್ದರಿಂದಲೇ ಈ ವ್ಯತ್ಯಾಸ ತಿಳಿಯಲು ಸಾಧ್ಯವಾಯಿತು.

ಆದ್ದರಿಂದ 'ಇಷ್ಟು ಮಾದರಿಗಳು ವಿಫಲ' ಎಂಬ ಸುದ್ದಿಯನ್ನು ಓದಿದಾಗ, ಯಾವ ಬಗೆಯ ದೋಷ, ಎಷ್ಟು ಮಾದರಿಗಳಲ್ಲಿ, ಮಾದರಿಗಳನ್ನು ಆರಿಸಿದ್ದು ಹೇಗೆ ಎಂಬುದನ್ನು ವಿಚಾರಿಸಬೇಕು. ಸಂದೇಹ ಬಂದ ಅಂಗಡಿಗಳಿಂದಲೇ ತೆಗೆದ ಮಾದರಿಗಳ ಫಲಿತಾಂಶವನ್ನು ಇಡೀ ಊರಿಗೆ ಅನ್ವಯಿಸಲಾಗದು.

ಮಾನಕಗಳನ್ನು ನಿರ್ಧರಿಸುವವರು ಯಾರು?

ಪರೀಕ್ಷೆಗೂ ಮೊದಲು ಮಾನಕವಿರಬೇಕು. ಒಂದು ಪದಾರ್ಥದಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬುದನ್ನು ವೈಜ್ಞಾನಿಕ ಮಂಡಲಿಗಳ ಸಲಹೆಯ ಮೇಲೆ ಪ್ರಾಧಿಕಾರ ನಿಗದಿಪಡಿಸುತ್ತದೆ. ಈ ಮಂಡಲಿಗಳಲ್ಲಿ ಸ್ವತಂತ್ರ ವೈಜ್ಞಾನಿಕ ತಜ್ಞರಿರಬೇಕೆಂದು ಕಾಯಿದೆಯ 13ನೆಯ ಪ್ರಕರಣ ಹೇಳುತ್ತದೆ. ಆರಂಭದ ಮಂಡಲಿಗಳಲ್ಲಿ ಉದ್ಯಮದ ಪ್ರತಿನಿಧಿಗಳೂ ಸೇರಿದ್ದರು. ಮೃದುಪಾನೀಯಗಳಿಗೆ ಸಂಬಂಧಿಸಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಈ ವಿಷಯ ಸರ್ವೋಚ್ಚ ನ್ಯಾಯಾಲಯದ ಗಮನಕ್ಕೆ ಬಂದು, 2011ರಲ್ಲಿ ಮಂಡಲಿಗಳನ್ನು ಕಾಯಿದೆಗೆ ಅನುಗುಣವಾಗಿ ಪುನಾರಚಿಸುವಂತೆ ಅದು ನಿರ್ದೇಶಿಸಿತು. ಅದೇ ಮೊಕದ್ದಮೆಯ 2013ರ ಅಕ್ಟೋಬರ್ ತೀರ್ಪಿನಲ್ಲಿ, ಅಪಾಯಕಾರಿ ಆಹಾರದಿಂದ ಜನರನ್ನು ರಕ್ಷಿಸುವ ವಿಚಾರವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಡನೆ ನ್ಯಾಯಾಲಯ ಜೋಡಿಸಿತು.

ಕಾಯಿದೆಯ 16ನೆಯ ಪ್ರಕರಣದ ಪ್ರಕಾರ ಪ್ರಾಧಿಕಾರವು ವೈಜ್ಞಾನಿಕ ಮಂಡಲಿಗಳ ಅಭಿಪ್ರಾಯಗಳನ್ನೂ, ಸದಸ್ಯರ ವಾರ್ಷಿಕ ಹಿತಾಸಕ್ತಿ ಘೋಷಣೆಗಳನ್ನೂ, ವೈಜ್ಞಾನಿಕ ಅಧ್ಯಯನಗಳ ಫಲಿತಾಂಶಗಳನ್ನೂ, ವಾರ್ಷಿಕ ವರದಿಯನ್ನೂ ಅನಗತ್ಯ ವಿಳಂಬವಿಲ್ಲದೆ ಬಹಿರಂಗಪಡಿಸಬೇಕು. 18ನೆಯ ಪ್ರಕರಣವು ಮಾನಕಗಳನ್ನು ರೂಪಿಸುವಾಗ ಪಂಚಾಯತಿಗಳೂ ಸೇರಿದಂತೆ ಜನರೊಡನೆ ಮುಕ್ತ ಸಮಾಲೋಚನೆ ನಡೆಯಬೇಕೆನ್ನುತ್ತದೆ. ಆಹಾರವೊಂದು ಆರೋಗ್ಯಕ್ಕೆ ಅಪಾಯ ತರಬಹುದೆಂಬ ಸಕಾರಣ ಶಂಕೆಯಿದ್ದರೆ ಆ ಅಪಾಯದ ಸ್ವರೂಪವನ್ನು ಜನರಿಗೆ ತಿಳಿಸಲು ಕ್ರಮ ಕೈಗೊಳ್ಳಬೇಕೆಂದೂ ಅಲ್ಲಿಯೇ ಹೇಳಿದೆ. ಇವು ಅಧಿಕಾರಿಗಳ ಔದಾರ್ಯವನ್ನು ಅವಲಂಬಿಸಿದ ಸೌಲಭ್ಯಗಳಲ್ಲ, ಕಾನೂನಿನ ಕರ್ತವ್ಯಗಳು.

ಪ್ರಮಾಣೀಕರಿಸುವವರ ಮೇಲೆ ನಿಗಾ

ಇಂದು ಬಹಳಷ್ಟು ಪ್ರಮಾಣೀಕರಣ ಖಾಸಗಿ ಸಂಸ್ಥೆಗಳ ಮೂಲಕ ನಡೆಯುತ್ತದೆ. ಪ್ರಮಾಣಪತ್ರ ಬೇಕಾದವರೇ ಅದನ್ನು ಕೊಡುವ ಸಂಸ್ಥೆಗೆ ಶುಲ್ಕ ಕೊಡುತ್ತಾರೆ. ಪರೀಕ್ಷಕರಿಗೆ ಪರೀಕ್ಷೆ ಬರೆಯುವವರೇ ಸಂಬಳ ಕೊಟ್ಟಂತಾಗುವ ಈ ಏರ್ಪಾಡಿನಲ್ಲಿ, ಮೇಲಿನ ನಿಗಾ ಬಿಗಿಯಾಗಿರಬೇಕಾದುದು ಸಹಜ. ಸಾವಯವ ಉತ್ಪನ್ನಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ನಿಷಿದ್ಧ ರಾಸಾಯನಿಕದ ಅಂಶ ಪತ್ತೆಯಾದ ಹಿನ್ನೆಲೆಯಲ್ಲಿ ಐರೋಪ್ಯ ಒಕ್ಕೂಟವು 2021ರ ಕೊನೆಯಲ್ಲಿ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಐದು ಪ್ರಮಾಣೀಕರಣ ಸಂಸ್ಥೆಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ತನ್ನ ಗಡಿಯಲ್ಲಿ ಪತ್ತೆಯಾಗುವ ದೋಷಗಳನ್ನು ಆ ಒಕ್ಕೂಟ ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ಕೆಲವರ ತಪ್ಪಿಗಾಗಿ ನಿಷ್ಠೆಯಿಂದ ಬೆಳೆದ ರೈತನೂ ಮಾರುಕಟ್ಟೆ ಕಳೆದುಕೊಳ್ಳುವ ಇಂತಹ ಪರಿಸ್ಥಿತಿಯನ್ನು ತಡೆಯಬೇಕಾದರೆ ದೋಷ ನಮ್ಮಲ್ಲಿಯೇ, ಮೊದಲೇ ಹೊರಬೀಳಬೇಕು.

ಡೆನ್ಮಾರ್ಕ್ ದೇಶದಲ್ಲಿ 2001ರಿಂದ ಪ್ರತಿ ಹೋಟೆಲು, ಅಂಗಡಿಯವರು ಪರಿವೀಕ್ಷಣೆಯ ವರದಿಯನ್ನು ಗಿರಾಕಿಗಳಿಗೆ ಕಾಣುವಂತೆ ಹಾಕಬೇಕು. ವರದಿಯ ಮೇಲೆ ನಗುವ ಇಲ್ಲವೆ ಮುಖ ಗಂಟಿಕ್ಕಿದ ಚಿತ್ರವಿರುತ್ತದೆ. ಓದು ಬಾರದವರಿಗೂ ಅದು ಅರ್ಥವಾಗುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 2013ರಿಂದ ಸ್ವಚ್ಛತೆಯ ಅಂಕವನ್ನು ಬಾಗಿಲಲ್ಲಿ ಪ್ರದರ್ಶಿಸುವುದು ಕಡ್ಡಾಯ. ನಮ್ಮಲ್ಲಿಯೂ ಸ್ವಚ್ಛತಾ ಶ್ರೇಣಿಯ ಯೋಜನೆಯನ್ನು ಪ್ರಾಧಿಕಾರ ಆರಂಭಿಸಿದೆ. 2022ರಿಂದ ಆಹಾರದ ಬಿಲ್ಲಿನ ಮೇಲೆ 14 ಅಂಕಿಗಳ ಸಂಖ್ಯೆಯನ್ನು ನಮೂದಿಸಬೇಕೆಂದು ಅದು ವಿಧಿಸಿದೆ. ಈ ಸಂಖ್ಯೆಯಿಂದ ಉದ್ದಿಮೆಯ ಗುರುತು ಸಿಗುವುದರಿಂದ ದೂರು ಕೊಡುವುದು ಸುಲಭವಾಗುತ್ತದೆ.

ಗೌಪ್ಯತೆಯ ಮಿತಿ

ಎಲ್ಲವನ್ನೂ ಎಲ್ಲ ಕಾಲದಲ್ಲಿಯೂ ಬಹಿರಂಗಪಡಿಸಲಾಗದು ಎಂಬುದನ್ನೂ ಒಪ್ಪಬೇಕು. ಪರಿವೀಕ್ಷಣೆಯ ದಿನವನ್ನು ಮೊದಲೇ ಪ್ರಕಟಿಸಿದರೆ ಪರಿವೀಕ್ಷಣೆಯೇ ವ್ಯರ್ಥ. ತನಿಖೆ ಮುಗಿಯುವ ಮೊದಲು ವ್ಯಾಪಾರಿಯ ಹೆಸರನ್ನು ಸಾರಿದರೆ ನಿರಪರಾಧಿಯ ಜೀವನೋಪಾಯ ಹಾಳಾಗಬಹುದು. ತಯಾರಿಕೆಯ ರಹಸ್ಯಕ್ಕೆ ರಕ್ಷಣೆ ಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯ 8ನೆಯ ಪ್ರಕರಣ ಇಂತಹ ವಿನಾಯಿತಿಗಳನ್ನು ಕೊಟ್ಟಿದೆ. ಆದರೆ ವಾಣಿಜ್ಯ ರಹಸ್ಯವಾದರೂ ವಿಶಾಲ ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಬಹಿರಂಗಪಡಿಸಬಹುದು. ದಾಖಲೆಯ ಒಂದು ಭಾಗ ಮಾತ್ರ ಗೌಪ್ಯವಾಗಿದ್ದರೆ ಆ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಲು 10ನೆಯ ಪ್ರಕರಣದಲ್ಲಿ ಅವಕಾಶವಿದೆ. ಮಾಹಿತಿಯನ್ನು ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು.

ನಾಗರಿಕರು ಏನು ಮಾಡಬಹುದು?

ಮೊದಲನೆಯದಾಗಿ, ಗ್ರಾಹಕರು ತಾವೇ ಆಹಾರವನ್ನು ಪರೀಕ್ಷೆ ಮಾಡಿಸಬಹುದು. 2006ರ ಕಾಯಿದೆಯ 40ನೆಯ ಪ್ರಕರಣದ ಮೇರೆಗೆ ನಿಗದಿತ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ವರದಿ ಪಡೆಯುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಆಹಾರ ಕಾಯಿದೆಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಶುಲ್ಕ ಹಿಂದಿರುಗಿ ಸಿಗುತ್ತದೆ.

ಎರಡನೆಯದಾಗಿ, ಮಾಹಿತಿ ಹಕ್ಕನ್ನು ಬಳಸಬಹುದು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳು. ಪ್ರಶ್ನೆ ಖಚಿತವಾಗಿರಲಿ. 'ನಮ್ಮ ಊರಿನ ಆಹಾರ ಹೇಗಿದೆ?' ಎಂದು ಕೇಳಿದರೆ ಉಪಯೋಗವಿಲ್ಲ. 'ಕಳೆದ ವರ್ಷ ಈ ವಿಭಾಗದಲ್ಲಿ ಎಣ್ಣೆ ಮತ್ತು ಹಾಲಿನ ಎಷ್ಟು ಮಾದರಿಗಳನ್ನು ತೆಗೆಯಲಾಯಿತು, ಎಷ್ಟು ವರದಿಗಳು 14 ದಿನಗಳಲ್ಲಿ ಬಂದವು, ಎಷ್ಟು ಅಸುರಕ್ಷಿತವೆನಿಸಿದವು, ಏನು ಕ್ರಮ ಕೈಗೊಳ್ಳಲಾಯಿತು' ಎಂದು ಕೇಳಿದರೆ ಉತ್ತರ ಸಿಗುತ್ತದೆ. ಖಾಸಗಿ ಸಂಸ್ಥೆಯಿಂದ ಸರ್ಕಾರಿ ಪ್ರಾಧಿಕಾರವು ಬೇರೊಂದು ಕಾನೂನಿನ ಮೂಲಕ ಪಡೆಯಬಹುದಾದ ಮಾಹಿತಿಯೂ ಈ ಹಕ್ಕಿನ ವ್ಯಾಪ್ತಿಗೆ ಸೇರುತ್ತದೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಾಗಿರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಆ ಬಳಿಕ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಹೊರನಾಡಿನ ಕನ್ನಡಿಗರು ಒಂದು ಸಂಗತಿಯನ್ನು ನೆನಪಿಡಬೇಕು. ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಮುಂಬಯಿ, ಪುಣೆಗಳಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು ಸಲ್ಲುತ್ತದೆ. ಕನ್ನಡದ ಅರ್ಜಿಯನ್ನು ಅಲ್ಲಿ ಸ್ವೀಕರಿಸಲೇಬೇಕೆಂಬ ನಿಯಮವಿಲ್ಲ. ಆದರೆ ಬರೆಯಲಾರದವರು ಬಾಯಿಮಾತಿನಲ್ಲಿ ಕೇಳಿದುದನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಊರೂರಿನ ಕನ್ನಡ ಸಂಘಗಳು ವಾರಕ್ಕೊಂದು ಗಂಟೆ ಇಂತಹ ಅರ್ಜಿಗಳನ್ನು ಬರೆದುಕೊಡುವ ಏರ್ಪಾಟು ಮಾಡಿದರೆ ಅದೂ ಒಂದು ದೊಡ್ಡ ಸೇವೆಯಾಗುತ್ತದೆ.

ಮೂರನೆಯದಾಗಿ, ಮಾನಕಗಳ ಕರಡು ಪ್ರಕಟವಾದಾಗ ಗ್ರಾಹಕ ಸಂಘಗಳು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಬೇಕು. ಉದ್ಯಮಗಳು ಈ ಅವಕಾಶವನ್ನು ತಪ್ಪದೆ ಬಳಸುತ್ತವೆ; ಉಣ್ಣುವವರು ಸುಮ್ಮನಿದ್ದರೆ ಒಂದು ಪಕ್ಷದ ಮಾತೇ ದಾಖಲೆಯಾಗುತ್ತದೆ. ದೂರುಗಳಿಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಲಭ್ಯವಿದೆ. ದೂರು ಕೊಡುವಾಗ ಬಿಲ್ಲು, ಪೊಟ್ಟಣ, ತಂಡದ ಸಂಖ್ಯೆ, ತಯಾರಿಕೆಯ ದಿನಾಂಕ ಇವುಗಳನ್ನು ಜೋಪಾನವಾಗಿಟ್ಟಿರಬೇಕು.

ನಾವು ಉಣ್ಣುವ ಅನ್ನವನ್ನು ಪ್ರತಿ ಮನೆಯಲ್ಲಿಯೂ ಪ್ರಯೋಗಾಲಯವಿಟ್ಟು ಪರೀಕ್ಷಿಸಲಾಗದು. ನಮ್ಮ ಪರವಾಗಿ ನೋಡಲು ಕೆಲವರನ್ನು ನೇಮಿಸಿ, ಅವರು ಹಾಕಿದ ಮುದ್ರೆಯನ್ನು ನಂಬಿ ಮಕ್ಕಳಿಗೆ ಹಾಲೆರೆಯುತ್ತೇವೆ. ಈ ನಂಬಿಕೆಗೆ ಆಧಾರವಿರಬೇಕಾದರೆ, ಅವರು ಕಂಡದ್ದೇನು, ಮಾಡಿದ್ದೇನು ಎಂಬ ಲೆಕ್ಕ ನಮಗೆ ಸಿಗಬೇಕು. ದೆಹಲಿಯ ಆ ಎಣ್ಣೆಯ ಬಗ್ಗೆ ಜನರಿಗೆ ತಿಳಿದದ್ದು ಆಸ್ಪತ್ರೆಯ ಬಾಗಿಲಲ್ಲಿ. ಅಂತಹ ಸುದ್ದಿ ಇನ್ನು ಮುಂದೆ ಅಂಗಡಿಯ ಬಾಗಿಲಲ್ಲಿಯೇ ತಿಳಿಯುವಂತಾಗಬೇಕು. ಕಾನೂನು ಅದಕ್ಕೆ ದಾರಿ ಮಾಡಿದೆ. ಆ ದಾರಿಯಲ್ಲಿ ನಡೆಯುವುದು ನಮ್ಮ ಕೈಯಲ್ಲಿದೆ.